ಗಣಿಯ ಹೊಗೆಯೂ ಊರಿನ ಒಪ್ಪಿಗೆಯೂ: ಜಪಾನಿನ ಮೂರು ತಾಮ್ರದ ಗಣಿಗಳ ಚರಿತ್ರೆ

೧

ದೊಡ್ಡ ಕೈಗಾರಿಕೆಯೊಂದು ಒಂದು ಸೀಮೆಯಲ್ಲಿ ನೆಲೆಗೊಳ್ಳಬೇಕಾದರೆ ಅದಕ್ಕೆ ಎರಡು ಬಗೆಯ ಅನುಮತಿ ಬೇಕಾಗುತ್ತದೆ. ಮೊದಲನೆಯದು ಸರಕಾರದ ಅನುಮತಿ. ಇದು ಕಾಗದದ ಮೇಲೆ ಬರೆದು ಮೊಹರೊತ್ತಿ ಕೊಡತಕ್ಕುದು. ಎರಡನೆಯದು ಆ ಕೈಗಾರಿಕೆಯ ನೆರೆಯಲ್ಲಿ ಬಾಳುವ ಜನರ ಒಪ್ಪಿಗೆ. ಅದರ ಕೊಳೆಯನ್ನು ಹೊತ್ತು ಬರುವ ನೀರಿನಿಂದ ಗದ್ದೆಯನ್ನು ನೆನೆಸಿಕೊಳ್ಳುವವರ, ಅದರ ಹೊಗೆ ಕವಿದ ಗಾಳಿಯನ್ನು ಉಸಿರಾಡುವವರ ಒಪ್ಪಿಗೆ. ಇದಕ್ಕೆ ಮೊಹರಿಲ್ಲ, ಅವಧಿಯಿಲ್ಲ. ಇದ್ದಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಹೋದಾಗ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಈ ಎರಡನೆಯ ಬಗೆಗೆ 'ಸಾಮಾಜಿಕ ಪರವಾನಗಿ' ಎಂಬ ಹೆಸರು ಗಣಿ ಕಂಪೆನಿಗಳವರ ಮಾತಿನಲ್ಲಿ ಹುಟ್ಟಿ ಬಳಕೆಗೆ ಬಂದುದು ೧೯೯೭ರ ಸುಮಾರಿನಲ್ಲಿ. ಹೆಸರು ಹೊಸದಾದರೂ ವಿಷಯವು ಹೊಸದಲ್ಲ. ಅದಕ್ಕೆ ಒಂದು ಶತಮಾನ ಮೊದಲೇ ಜಪಾನು ದೇಶದ ಮೂರು ತಾಮ್ರದ ಗಣಿಗಳಲ್ಲಿ ಈ ಒಪ್ಪಿಗೆಯ ಪ್ರಶ್ನೆಯು ಮೂರು ರೀತಿಯಾಗಿ ಎದ್ದು, ಮೂರು ರೀತಿಯಾಗಿ ಮುಗಿಯಿತು.

ಆಶಿಯೊ, ಬೆಸ್ಶಿ, ಹಿತಾಚಿ ಎಂಬುವು ಆ ಮೂರು ಗಣಿಗಳು. ಮೂರರಲ್ಲಿಯೂ ತೆಗೆದ ಲೋಹವೊಂದೇ. ಮೂರನ್ನೂ ಆಳಿದ ಕಾನೂನೂ ಒಂದೇ. ಕಾಲವೂ ಹೆಚ್ಚುಕಡಮೆ ಒಂದೇ. ಮೇಜಿ ಯುಗದಲ್ಲಿ (೧೮೬೮-೧೯೧೨) ಹೊಸ ಯಂತ್ರಗಳನ್ನೂ ಯುದ್ಧನೌಕೆಗಳನ್ನೂ ಕೊಳ್ಳಲು ಜಪಾನಿಗೆ ವಿದೇಶದ ಹಣ ಬೇಕಾಗಿದ್ದಿತು; ಆ ಹಣವನ್ನು ತಂದುಕೊಡುತ್ತಿದ್ದ ಮುಖ್ಯ ಸರಕುಗಳಲ್ಲಿ ರೇಷ್ಮೆಯಂತೆ ತಾಮ್ರವೂ ಒಂದು. ಆದುದರಿಂದ ಸರಕಾರದ ಒಲವು ಗಣಿಗಳ ಕಡೆಗೇ ಇದ್ದಿತು. ಇಷ್ಟು ಸಾಮ್ಯವಿದ್ದೂ ಒಂದು ಗಣಿಯ ಹೆಸರು ಆ ದೇಶದ ಚರಿತ್ರೆಯಲ್ಲಿ ಕಳಂಕವಾಗಿ ನಿಂತಿತು. ಉಳಿದೆರಡರ ಹೆಸರು ಹಾಗಾಗಲಿಲ್ಲ. ಇದಕ್ಕೆ ಕಾರಣವೇನು?

ಒಡೆಯರ ಗುಣಭೇದವೇ ಕಾರಣವೆಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಆಶಿಯೊದ ಒಡೆಯನು ಲೋಭಿ, ಬೆಸ್ಶಿಯನ್ನು ನಡೆಸಿದವನು ಸಾಧು, ಹಿತಾಚಿಯ ಒಡೆಯನು ಸಾಹಸಿ ಎಂದು ಮೂವರ ಚಿತ್ರಗಳನ್ನು ಬರೆದು ಕಥೆಯನ್ನು ಮುಗಿಸುವುದುಂಟು. ಈ ಉತ್ತರದಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಆದರೆ ಘಟನೆಗಳನ್ನು ವರ್ಷಾನುಕ್ರಮವಾಗಿ ಇಟ್ಟು ನೋಡಿದರೆ, ಒಡೆಯರ ಗುಣಕ್ಕಿಂತ ಅವರು ರೈತರಿಂದ ಬೇಡಿದ ಒಪ್ಪಿಗೆ ಎಂತಹದು ಎಂಬುದೇ ಫಲವನ್ನು ನಿರ್ಣಯಿಸಿದಂತೆ ತೋರುತ್ತದೆ.

೨

ಮೊದಲು ಹಾನಿಯ ಬಗೆಯನ್ನು ತಿಳಿಯುವುದು ಅವಶ್ಯಕ. ತಾಮ್ರದ ಅದುರಿನಲ್ಲಿ ಲೋಹದೊಡನೆ ಗಂಧಕವು ಬೆರೆತಿರುತ್ತದೆ. ಅದುರನ್ನು ಹುರಿದು ಕರಗಿಸುವಾಗ ಈ ಗಂಧಕವು ಉರಿದು ಹೊಗೆಯಾಗಿ ಹೊರಬೀಳುತ್ತದೆ. ಗಾಳಿಯ ತೇವದೊಡನೆ ಸೇರಿ ಆಮ್ಲವಾಗಿ ಎಲೆಗಳನ್ನು ಸುಡುತ್ತದೆ. ಬತ್ತವೂ ಜವೆಗೋಧಿಯೂ ತೆನೆಯೊಡೆಯುವ ದಿನಗಳಲ್ಲಿ ಹೊಗೆ ಕವಿದರೆ ಕಾಳು ಕಟ್ಟದೆ ಜೊಳ್ಳಾಗುತ್ತದೆ. ಅದುರನ್ನು ಕುಟ್ಟಿ ತೊಳೆದ ಮೇಲೆ ಉಳಿಯುವ ನುಣ್ಣನೆಯ ಪುಡಿಯೂ ಗಣಿಯಿಂದ ಒಸರುವ ನೀರೂ ತಾಮ್ರದ ಲವಣಗಳನ್ನು ಹೊಳೆಗೆ ಸೇರಿಸುತ್ತವೆ. ಕುಲುಮೆಗೆ ಇದ್ದಲು, ಸುರಂಗಕ್ಕೆ ಆಸರೆಯ ತೊಲೆ ಎಂದು ಕಾಡನ್ನು ಕಡಿಯುತ್ತಾರೆ. ಕಡಿದುಳಿದುದನ್ನು ಹೊಗೆ ಕೊಲ್ಲುತ್ತದೆ. ಮರವಿಲ್ಲದ ಬೆಟ್ಟದಿಂದ ಮಳೆಯ ನೀರು ಒಮ್ಮೆಗೇ ಇಳಿದು, ದಾರಿಯಲ್ಲಿದ್ದ ಗಣಿಯ ಕಸವನ್ನೆಲ್ಲ ಹೊತ್ತು, ಬಯಲಿನ ಹೊಲಗದ್ದೆಗಳ ಮೇಲೆ ಹರಡುತ್ತದೆ. ಹೀಗೆ ಹೊಗೆ, ಕೆಸರು, ನೆರೆ ಎಂಬ ಮೂರು ಕೇಡುಗಳು ಒಂದಕ್ಕೊಂದು ಕೊಂಡಿಯಾಗಿ ಬರುತ್ತವೆ.

ಈ ಕಾಲದ ಜಪಾನಿ ಬರಹಗಳಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಕಾಣುತ್ತವೆ. ನೀರಿನ ಕೇಡಿಗೆ 'ಕೋದೊಕು' ಎಂದು ಹೆಸರು. ಇದಕ್ಕೆ ಗಣಿವಿಷವೆಂದು ಅರ್ಥ. ಗಾಳಿಯ ಕೇಡಿಗೆ 'ಎಂಗಾಯ್' ಎಂದು ಹೆಸರು. ಎಂದರೆ ಹೊಗೆಯ ಹಾನಿ. ಮೂರನೆಯದು 'ಜಿದಾನ್', ನ್ಯಾಯಸ್ಥಾನಕ್ಕೆ ಹೋಗದೆ ಇಬ್ಬರೂ ಕೂಡಿ ಮಾಡಿಕೊಳ್ಳುವ ರಾಜಿಗೆ ಈ ಹೆಸರು. ಈ ಮೂರನೆಯ ಮಾತಿನ ಅರ್ಥವು ಗಣಿಯಿಂದ ಗಣಿಗೆ ಹೇಗೆ ಬೇರೆಯಾಯಿತೆಂಬುದೇ ಮುಂದಿನ ಕಥೆ.

೩

ಆಶಿಯೊ ಗಣಿಯು ತೋಚಿಗಿ ಪ್ರಾಂತದ ಬೆಟ್ಟಗಳ ನಡುವೆ ಇದೆ. ತೊಕುಗಾವಾ ಪ್ರಭುಗಳ ಕಾಲದಲ್ಲಿ, ೧೬೧೦ರಷ್ಟು ಹಿಂದೆಯೇ ಇಲ್ಲಿ ತಾಮ್ರವನ್ನು ತೆಗೆಯುತ್ತಿದ್ದರು. ಕಾಲಕ್ರಮದಲ್ಲಿ ಬಡವಾಗಿದ್ದ ಈ ಗಣಿಯನ್ನು ೧೮೭೭ರಲ್ಲಿ ಫುರುಕಾವಾ ಇಚಿಬೆಯಿ ಎಂಬ ವರ್ತಕನು ಕೊಂಡನು. ೧೮೮೧ರಲ್ಲಿಯೂ ೧೮೮೪ರಲ್ಲಿಯೂ ಸಮೃದ್ಧವಾದ ಅದುರಿನ ಪಟ್ಟೆಗಳು ದೊರೆತುವು. ಕೆಲವೇ ವರ್ಷಗಳಲ್ಲಿ ಆಶಿಯೊ ಜಪಾನಿನ ಗಣಿಗಳಲ್ಲೆಲ್ಲ ಅತ್ಯಂತ ದೊಡ್ಡ ತಾಮ್ರದ ಗಣಿಯಾಯಿತು.

ಗಣಿಯ ಬಳಿಯಿಂದ ಹರಿದು ಬರುವ ವತರಾಸೆ ಎಂಬ ಹೊಳೆಯು ಬಯಲಿಗಿಳಿದು ತೊನೆ ಎಂಬ ಮಹಾನದಿಯನ್ನು ಸೇರುತ್ತದೆ. ಈ ಹೊಳೆಯ ನೆರೆಗೆ ಅಲ್ಲಿಯ ರೈತರು ಅಂಜುತ್ತಿರಲಿಲ್ಲ. ಬೆಟ್ಟದ ಕಾಡಿನಿಂದ ಅದು ತರುತ್ತಿದ್ದ ಮೆಕ್ಕಲು ಮಣ್ಣು ಹೊಲಕ್ಕೆ ಗೊಬ್ಬರವಾಗಿದ್ದಿತು. ಹೊಳೆಯ ಮೀನು ನೂರಾರು ಮನೆಗಳಿಗೆ ಜೀವನವಾಗಿದ್ದಿತು. ೧೮೮೫ರಲ್ಲಿ ಹೊಳೆಯ ಮೀನುಗಳು ಸತ್ತು ತೇಲಿದ ಸುದ್ದಿ ಪತ್ರಿಕೆಯಲ್ಲಿ ಬಂದಿತು. ೧೮೯೦ನೆಯ ಆಗಸ್ಟಿನಲ್ಲಿ ದೊಡ್ಡ ನೆರೆ ಬಂದು ಇಳಿದ ಮೇಲೆ ಹೊಲಗಳಲ್ಲಿ ಪೈರು ಏಳಲಿಲ್ಲ. ಹಿಂದಿನಿಂದ ಅನ್ನವನ್ನು ಕೊಟ್ಟ ನೆರೆಯೇ ವಿಷವನ್ನು ತಂದಿತ್ತು. ಸಂತ್ರಸ್ತರಾದ ಹಳ್ಳಿಗಳವರು ಮಣ್ಣನ್ನೂ ನೀರನ್ನೂ ಪರೀಕ್ಷೆಗೆ ಕಳುಹಿಸಿದರು. ತೋಕಿಯೊ ನಗರದ ಕೃಷಿ ವಿದ್ಯಾಲಯದ ರಸಾಯನಜ್ಞನಾದ ಕೊಜಾಯ್ ಯೊಶಿನಾವೊ ಎಂಬಾತನು ಪರೀಕ್ಷಿಸಿ, ಕೇಡಿಗೆ ತಾಮ್ರದ ಸಂಯುಕ್ತಗಳೇ ಕಾರಣವೆಂದು ತಿಳಿಸಿದನು.

ಆ ಸೀಮೆಯಿಂದ ಹೊಸದಾಗಿ ಚುನಾಯಿತನಾಗಿದ್ದ ತನಾಕಾ ಶೋಜೊ (೧೮೪೧-೧೯೧೩) ಎಂಬ ಪ್ರತಿನಿಧಿಯು ೧೮೯೧ನೆಯ ಡಿಸೆಂಬರಿನಲ್ಲಿ ಶಾಸನಸಭೆಯಲ್ಲಿ ಈ ವಿಷಯವನ್ನೆತ್ತಿದನು. ಪ್ರಜೆಗಳ ಸ್ವತ್ತಿಗೆ ಭಂಗ ಬರಬಾರದೆಂದು ಸಂವಿಧಾನವು ಹೇಳುತ್ತದೆ. ಸಾರ್ವಜನಿಕ ಹಿತಕ್ಕೆ ಕೇಡಾದ ಗಣಿಯನ್ನು ನಿಲ್ಲಿಸಬಹುದೆಂದು ಗಣಿಯ ಕಾನೂನು ಹೇಳುತ್ತದೆ. ಹೀಗಿರಲು ಸರಕಾರವೇಕೆ ಸುಮ್ಮನಿದೆ ಎಂಬುದು ಅವನ ಪ್ರಶ್ನೆ. ಉತ್ತರಿಸಬೇಕಾಗಿದ್ದ ಕೃಷಿ ಮತ್ತು ವಾಣಿಜ್ಯ ಮಂತ್ರಿ ಮುತ್ಸು ಮುನೆಮಿತ್ಸುವಿನ ಎರಡನೆಯ ಮಗನನ್ನು ಫುರುಕಾವಾ ದತ್ತು ತೆಗೆದುಕೊಂಡಿದ್ದನು. ಕೇಡಿನ ಕಾರಣವು ಇನ್ನೂ ನಿಶ್ಚಿತವಾಗಿಲ್ಲ. ಗಣಿಯವರು ಜರ್ಮನಿಯಿಂದಲೂ ಅಮೆರಿಕದಿಂದಲೂ ಅದುರಿನ ಪುಡಿಯನ್ನು ಹಿಡಿಯುವ ಯಂತ್ರಗಳನ್ನು ತರಿಸುತ್ತಿದ್ದಾರೆ ಎಂದು ಉತ್ತರ ಬಂದಿತು.

ಈ ಯಂತ್ರದ ಹೆಸರಿನಲ್ಲಿಯೇ ಮೊದಲನೆಯ ರಾಜಿ ನಡೆಯಿತು. ೧೮೯೨ರಿಂದ ಪ್ರಾಂತದ ಅಧಿಕಾರಿಗಳು ಮಧ್ಯಸ್ಥರಾಗಿ ನಿಂತು ಹಳ್ಳಿಹಳ್ಳಿಗಳಲ್ಲಿ ಕರಾರುಗಳನ್ನು ಬರೆಯಿಸಿದರು. ಕಂಪೆನಿಯು ಅಲ್ಪಸ್ವಲ್ಪ ಹಣವನ್ನು ಕೊಡತಕ್ಕುದು; ಯಂತ್ರದ ಫಲವು ತಿಳಿಯುವವರೆಗೆ, ಎಂದರೆ ೧೮೯೬ನೆಯ ಜೂನ್ ಮುಗಿಯುವವರೆಗೆ, ರೈತರು ದೂರನ್ನಾಗಲಿ ದಾವೆಯನ್ನಾಗಲಿ ಹೂಡಕೂಡದು. ಯಂತ್ರಗಳು ಬಂದುವು. ಅವುಗಳ ನಿಜವಾದ ಕೆಲಸ ತೊಳೆದು ಹೋಗುತ್ತಿದ್ದ ಅದುರಿನ ಪುಡಿಯನ್ನು ಉಳಿಸಿ ಕಂಪೆನಿಯ ಲಾಭವನ್ನು ಹೆಚ್ಚಿಸುವುದು. ನೀರಿನ ವಿಷವನ್ನು ತೆಗೆಯುವುದು ಅವುಗಳ ಉದ್ದೇಶವಾಗಿರಲಿಲ್ಲ. ಅವಧಿ ಮುಗಿಯುವ ಮುನ್ನವೇ, ೧೮೯೫ರಲ್ಲಿ, ಹಲವು ಹಳ್ಳಿಗಳಲ್ಲಿ ಎರಡನೆಯ ಕರಾರು ಬಂದಿತು. ಇದಕ್ಕೆ 'ಶಾಶ್ವತ ಜಿದಾನ್' ಎಂದು ಹೆಸರು. ಇನ್ನೊಂದಿಷ್ಟು ಹಣವನ್ನು ಪಡೆದು, ಮುಂದೆ ಎಂತಹ ಹಾನಿಯಾದರೂ ಎಂದೆಂದಿಗೂ ದೂರಲಾರೆವೆಂದು ರೈತರು ಬರೆದುಕೊಡತಕ್ಕುದು. ಎರಡು ಬೆಳೆ ಹೋಗಿ ಕೈ ಬರಿದಾಗಿದ್ದವರು ಇದಕ್ಕೂ ಮುದ್ರೆ ಒತ್ತಿದರು.

ಈ ಕಾಗದಗಳ ಮಾತನ್ನು ಮಾತ್ರ ನೋಡಿದರೆ ಆಶಿಯೊ ಗಣಿಗೆ ಆಗ ದೊರೆತಷ್ಟು ಪೂರ್ಣವಾದ ಒಪ್ಪಿಗೆ ಬೇರೆ ಯಾವ ಗಣಿಗೂ ದೊರೆತಿರಲಿಲ್ಲ. ಒಂದೇ ವರ್ಷದಲ್ಲಿ ಅದು ನೀರಿನಲ್ಲಿ ಕೊಚ್ಚಿಹೋಯಿತು.

೪

೧೮೯೬ನೆಯ ಸೆಪ್ಟೆಂಬರಿನಲ್ಲಿ ೧೮೯೦ಕ್ಕಿಂತ ದೊಡ್ಡದಾದ ನೆರೆ ಬಂದಿತು. ರಾಜಿಯಾಗಿದ್ದ ಹಳ್ಳಿಗಳೂ ಆಗದಿದ್ದ ಹಳ್ಳಿಗಳೂ ಒಂದಾದುವು. ೧೮೯೭ನೆಯ ಮಾರ್ಚಿಯಲ್ಲಿ ರೈತರು ಗುಂಪುಗುಂಪಾಗಿ ರಾಜಧಾನಿಗೆ ಕಾಲ್ನಡೆಯಿಂದ ಹೊರಟರು. ಈ ಯಾತ್ರೆಗಳಿಗೆ 'ಒಶಿದಾಶಿ' ಎಂದು ಹೆಸರು. ನೂಕಿಕೊಂಡು ಹೊರಡುವುದೆಂದು ಅದರ ಅರ್ಥ. ಸರಕಾರವು ವಿಚಾರಣಾ ಸಮಿತಿಯನ್ನು ನೇಮಿಸಿ, ಆ ವರ್ಷದ ಮೇ ೨೭ರಂದು ೩೭ ವಿಧಿಗಳ ಆಜ್ಞೆಯನ್ನು ಹೊರಡಿಸಿತು. ಕೆಸರನ್ನು ತಂಗಿಸುವ ಕೊಳಗಳನ್ನೂ ನೀರನ್ನು ಸೋಸುವ ತೊಟ್ಟಿಗಳನ್ನೂ ಹೊಗೆಯ ಗಂಧಕವನ್ನು ತೆಗೆಯುವ ಗೋಪುರವನ್ನೂ ಗೊತ್ತಾದ ದಿನಗಳೊಳಗಾಗಿ ಕಟ್ಟಬೇಕು, ತಪ್ಪಿದರೆ ಗಣಿಯನ್ನು ನಿಲ್ಲಿಸಲಾಗುವುದು ಎಂದು ಅದರ ತಾತ್ಪರ್ಯ. ಫುರುಕಾವಾ ಹತ್ತು ಲಕ್ಷ ಯೆನ್ನಿಗೂ ಮೀರಿ ವೆಚ್ಚಮಾಡಿ ಅವಧಿಯೊಳಗೆ ಎಲ್ಲವನ್ನೂ ಕಟ್ಟಿಸಿದನು. ಇದು ಅಲ್ಪವಾದ ಕೆಲಸವಲ್ಲ. ಕಂಪೆನಿಗೆ ನ್ಯಾಯವನ್ನು ಸಲ್ಲಿಸುವಾಗ ಇದನ್ನು ಮರೆಯಬಾರದು.

ಆದರೆ ಗೋಪುರವು ಗಂಧಕವನ್ನು ತೆಗೆಯಲಿಲ್ಲ. ಹೊಗೆಗೆ ತುತ್ತಾಗಿದ್ದ ಮತ್ಸುಕಿ ಎಂಬ ಬೆಟ್ಟದ ಹಳ್ಳಿಯು ಕೆಲವೇ ವರ್ಷಗಳಲ್ಲಿ ಹಾಳುಬಿದ್ದಿತು. ಕಟ್ಟಿದ ಕೊಳಗಳು ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿವೆಯೆಂದು ರೈತರು ತಾವಾಗಿ ನೋಡಿ ಅಳೆಯುವ ದಾರಿಯಿರಲಿಲ್ಲ. ನೋಡಬೇಕಾದವರು ಸರಕಾರದ ಗಣಿ ಅಧಿಕಾರಿಗಳು. ಆ ೩೭ ವಿಧಿಗಳ ಆಜ್ಞೆಯನ್ನು ಕೊಟ್ಟ ಗಣಿ ಕಚೇರಿಯ ಮುಖ್ಯಸ್ಥ ಮಿನಾಮಿ ತೇಯಿಜೊ ಮುಂದೆ ಆಶಿಯೊ ಗಣಿಯ ಮುಖ್ಯಾಧಿಕಾರಿಯೇ ಆದನು. ಕಾವಲಿನವನು ಒಡೆಯನ ಮನೆಯಲ್ಲಿ ಉಣ್ಣತೊಡಗಿದ ಮೇಲೆ ಅವನ ಸಾಕ್ಷ್ಯವನ್ನು ಊರು ನಂಬುವುದೆಂತು?

೧೯೦೦ನೆಯ ಫೆಬ್ರವರಿ ೧೩ರಂದು ರಾಜಧಾನಿಗೆ ಹೊರಟಿದ್ದ ಸಾವಿರಾರು ರೈತರನ್ನು ಕವಾಮಾತಾ ಎಂಬಲ್ಲಿ ಪೊಲೀಸರು ತಡೆದು ಹೊಡೆದರು. ಅನೇಕರು ಸೆರೆಯಾಗಿ, ೫೧ ಮಂದಿ ವಿಚಾರಣೆಗೆ ಗುರಿಯಾದರು. ೧೯೦೧ರಲ್ಲಿ ತನಾಕಾ ಶಾಸನಸಭೆಯ ಸ್ಥಾನವನ್ನು ಬಿಟ್ಟು, ಡಿಸೆಂಬರ್ ೧೦ರಂದು ಚಕ್ರವರ್ತಿಯ ರಥದ ಮುಂದೆ ಬಿನ್ನವತ್ತಳೆಯನ್ನು ಹಿಡಿದು ಓಡಿದನು. ಬಿನ್ನಹವು ಚಕ್ರವರ್ತಿಯ ಕೈಸೇರಲಿಲ್ಲ. ಆದರೆ ದೇಶದ ಕಣ್ಣು ಅತ್ತ ತಿರುಗಿತು. ಎರಡನೆಯ ವಿಚಾರಣಾ ಸಮಿತಿಯು ೧೯೦೩ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ಉಳಿದಿರುವ ವಿಷವು ಮುಖ್ಯವಾಗಿ ೧೮೯೭ಕ್ಕೆ ಹಿಂದಿನದು, ಈಗಿನ ಗಣಿಯದಲ್ಲ ಎಂದು ಅದರ ನಿರ್ಣಯ. ಅಲ್ಲಿಗೆ ಗಣಿವಿಷದ ಪ್ರಶ್ನೆಯು ನೆರೆಯ ಪ್ರಶ್ನೆಯಾಗಿ ಮಾರ್ಪಟ್ಟಿತು. ನೆರೆಯ ನೀರನ್ನು ತಂಗಿಸಲು ಹೊಳೆಯ ಕೆಳಭಾಗದಲ್ಲಿ ಒಂದು ದೊಡ್ಡ ಜಲಾಶಯ ಬೇಕೆಂದೂ ಅದಕ್ಕೆ ಯನಾಕಾ ಎಂಬ ಹಳ್ಳಿಯನ್ನು ತೆಗೆಯಬೇಕೆಂದೂ ಗೊತ್ತಾಯಿತು. ಆ ಹಳ್ಳಿಯಲ್ಲಿ ಸುಮಾರು ೪೫೦ ಮನೆಗಳಿದ್ದುವು. ಚಳವಳಿಯು ಅತ್ಯಂತ ಗಟ್ಟಿಯಾಗಿ ನಿಂತಿದ್ದ ಊರೂ ಅದೇ. ೧೯೦೬ರಲ್ಲಿ ಹಳ್ಳಿಯ ಹೆಸರನ್ನು ಅಳಿಸಿ ನೆರೆಯೂರಿಗೆ ಸೇರಿಸಿದರು. ಆಗ ಒಳನಾಡಿನ ಮಂತ್ರಿಯಾಗಿದ್ದ ಹಾರಾ ತಕಾಶಿ ಅದಕ್ಕೆ ಸ್ವಲ್ಪ ಹಿಂದೆ ಫುರುಕಾವಾ ಕಂಪೆನಿಯ ಉಪಾಧ್ಯಕ್ಷನಾಗಿದ್ದವನು. ೧೯೦೭ರ ಬೇಸಗೆಯಲ್ಲಿ, ಬಿಟ್ಟುಹೋಗದೆ ನಿಂತಿದ್ದ ೧೬ ಸಂಸಾರಗಳ ಮನೆಗಳನ್ನು ಕೆಡವಿದರು. ಅವರು ಅಲ್ಲಿಯೇ ಗುಡಿಸಲು ಹಾಕಿಕೊಂಡು ಉಳಿದರು. ತನಾಕಾ ಅವರ ಜೊತೆಯಲ್ಲಿ ನಿಂತನು. ೧೯೧೩ನೆಯ ಸೆಪ್ಟೆಂಬರ್ ೪ರಂದು ಅವನು ತೀರಿಕೊಂಡಾಗ ಅವನ ಆಸ್ತಿಯೆಂದರೆ ಒಂದು ಚೀಲ. ಅದರೊಳಗೆ ಸಂವಿಧಾನದ ಪ್ರತಿ, ಮತ್ತಾಯನ ಸುವಾರ್ತೆ, ಹೊಳೆಯ ದಂಡೆಯಲ್ಲಿ ಆಯ್ದ ಕೆಲವು ಕಲ್ಲುಗಳು ಇದ್ದುವು.

ಅದೇ ೧೯೦೭ರ ಫೆಬ್ರವರಿಯಲ್ಲಿ ಗಣಿಯ ಕೂಲಿಗಾರರೇ ದಂಗೆಯೆದ್ದು, ಅದನ್ನು ಅಡಗಿಸಲು ಸೈನ್ಯ ಬರಬೇಕಾಯಿತು. ಹೊರಗಿನವರ ಒಪ್ಪಿಗೆಯನ್ನು ಕಳೆದುಕೊಂಡ ಗಣಿಗೆ ಒಳಗಿನವರ ಒಪ್ಪಿಗೆಯೂ ಇರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

೫

ಬೆಸ್ಶಿಯ ಗಣಿಯು ಶಿಕೊಕು ದ್ವೀಪದ ಎಹಿಮೆ ಪ್ರಾಂತದಲ್ಲಿದೆ. ಸುಮಿತೊಮೊ ಮನೆತನದವರು ೧೬೯೧ರಲ್ಲಿ ಇದನ್ನು ತೆರೆದರು. ೧೯೭೩ರಲ್ಲಿ ಮುಚ್ಚುವವರೆಗೂ ಇದು ಅದೇ ಮನೆತನದ ಸಂಸ್ಥೆಯ ಕೈಯಲ್ಲಿಯೇ ಇದ್ದಿತು. ಮೇಜಿ ಕಾಲದಲ್ಲಿ ಪಾಶ್ಚಾತ್ಯ ರೀತಿಯ ಕುಲುಮೆಗಳನ್ನು ಬೆಟ್ಟದ ಕೆಳಗೆ ನೀಹಾಮಾ ಎಂಬ ಕಡಲತೀರದ ಊರಿನಲ್ಲಿ ಕಟ್ಟಿದರು. ಹೊಗೆ ಬತ್ತದ ಗದ್ದೆಗಳ ಮೇಲೆ ಇಳಿಯಿತು. ೧೮೯೩ರಲ್ಲಿ ರೈತರು ಗಣಿಯ ಕಚೇರಿಯನ್ನು ಮುತ್ತಿದರು.

ಮರುವರ್ಷ ಗಣಿಯ ಆಡಳಿತಕ್ಕೆ ಬಂದ ಇಬಾ ತೇಯಿಗೊ ಎರಡು ಕಾರ್ಯಗಳನ್ನು ಕೈಗೊಂಡನು. ಬೋಳಾಗಿದ್ದ ಬೆಟ್ಟಗಳಲ್ಲಿ ಮರಗಳನ್ನು ನೆಡಿಸತೊಡಗಿದನು. ಕೆಲವು ವರ್ಷಗಳಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿ ಸಸಿಗಳನ್ನು ನೆಡುವಂತಾಯಿತು. ಎರಡನೆಯದಾಗಿ, ಕುಲುಮೆಗಳನ್ನೇ ಊರಿನಿಂದ ಕೀಳಿಸಿ, ತೀರದಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿ ಒಳಗಡಲಿನ ನಡುವೆ ಇದ್ದ ಶಿಸಾಕಾ ಎಂಬ ಜನವಸತಿಯಿಲ್ಲದ ದ್ವೀಪಗಳಿಗೆ ಸಾಗಿಸಲು ನಿಶ್ಚಯಿಸಿದನು. ಕುಡಿಯುವ ನೀರನ್ನೂ ದೋಣಿಯಲ್ಲಿ ತರಬೇಕಾದ ಜಾಗವದು. ವೆಚ್ಚವು ಅಪಾರವಾಗಿದ್ದಿತು, ವಿರೋಧವೂ ಇದ್ದಿತು. ೧೯೦೫ರಲ್ಲಿ ಅಲ್ಲಿ ಕುಲುಮೆಗಳು ಪೂರ್ಣವಾಗಿ ಉರಿಯತೊಡಗಿದುವು.

ಇಬಾನ ಸದುದ್ದೇಶವನ್ನು ಸಂದೇಹಿಸಲು ಕಾರಣವಿಲ್ಲ. ಆದರೆ ಫಲವು ವಿಪರೀತವಾಯಿತು. ಕಡಲ ಗಾಳಿಯು ಹೊಗೆಯನ್ನು ಚದರಿಸುವ ಬದಲು ಒಟ್ಟಾಗಿಯೇ ಹೊತ್ತು ತಂದು, ಒಂದೂರಿನ ಮೇಲೆ ಬೀಳುತ್ತಿದ್ದುದನ್ನು ಪೂರ್ವ ಎಹಿಮೆಯ ನಾಲ್ಕು ಜಿಲ್ಲೆಗಳ ಮೇಲೆ ಬೀಳಿಸಿತು. ಈ ಹೊಸ ಸಂತ್ರಸ್ತರನ್ನು ಯಾರೂ ಕೇಳಿರಲಿಲ್ಲ. ಹೊಗೆ ತಮ್ಮಲ್ಲಿಗೆ ಬರುವುದೆಂದು ಅವರಿಗೇ ತಿಳಿದಿರಲಿಲ್ಲ. ಒಡೆಯನ ಸಾಧುತ್ವವೇ ಸಾಕಾಗಿದ್ದ ಪಕ್ಷದಲ್ಲಿ ಬೆಸ್ಶಿಯ ಕಥೆಯು ಇಲ್ಲಿಗೆ ಸುಖಾಂತವಾಗಬೇಕಾಗಿದ್ದಿತು. ಹಾಗಾಗಲಿಲ್ಲವೆಂಬುದು ಗಮನಾರ್ಹ. ೧೯೦೮ರಲ್ಲಿ ಸಾವಿರಾರು ರೈತರು ನೀಹಾಮಾಕ್ಕೆ ನಡೆದು ಬಂದರು. ೧೯೦೯ರಲ್ಲಿ ಒನೊಮಿಚಿ ಎಂಬ ಊರಿನಲ್ಲಿ ಎರಡೂ ಪಕ್ಷದವರು ಕುಳಿತು ಮಾಡಿದ ಸಂಧಾನವು ಮುರಿದುಬಿದ್ದಿತು. ಕಡೆಗೆ ೧೯೧೦ರಲ್ಲಿ ತೋಕಿಯೊದಲ್ಲಿ, ಕೃಷಿ ಮತ್ತು ವಾಣಿಜ್ಯ ಮಂತ್ರಿಯ ಮಧ್ಯಸ್ಥಿಕೆಯಲ್ಲಿ ಒಂದು ಒಡಂಬಡಿಕೆಯಾಯಿತು.

ಈ ಒಡಂಬಡಿಕೆಯು ಆಶಿಯೊದ ರಾಜಿಗಿಂತ ಭಿನ್ನವಾದುದು ಹಣದ ಮೊತ್ತದಲ್ಲಿ ಮಾತ್ರವಲ್ಲ. ಆಶಿಯೊದಲ್ಲಿ ಹಣ ಪಡೆದವನು ತನ್ನ ಬಾಯಿಗೆ ಮಿತಿ ಹಾಕಿಕೊಂಡನು; ಬೆಸ್ಶಿಯಲ್ಲಿ ಹಣ ಕೊಟ್ಟವನು ತನ್ನ ಕುಲುಮೆಗೂ ಮಿತಿ ಹಾಕಿಕೊಂಡನು. ಹಿಂದಿನ ಹಾನಿಗೂ ಮುಂದೆ ಪ್ರತಿವರ್ಷಕ್ಕೂ ಪರಿಹಾರಧನವು ಗೊತ್ತಾಯಿತು. ಅದರ ಜೊತೆಗೆ, ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಅದುರನ್ನು ಕರಗಿಸಕೂಡದೆಂದು ಮೇರೆ ಏರ್ಪಟ್ಟಿತು. ಬತ್ತ ಮತ್ತು ಜವೆಗೋಧಿ ತೆನೆಯೊಡೆಯುವ ಕಾಲದಲ್ಲಿ ೪೦ ದಿನಗಳು ಕುಲುಮೆಯ ಕೆಲಸವನ್ನು ತಗ್ಗಿಸಬೇಕು. ಅವುಗಳಲ್ಲಿ ೧೦ ದಿನಗಳು ಪೂರ್ಣವಾಗಿ ನಿಲ್ಲಿಸಬೇಕು. ಇದರ ಪಾಲನೆಯನ್ನು ನೋಡಲು ಪರೀಕ್ಷಾಶಾಲೆಯಾಗಲಿ ರಸಾಯನಜ್ಞನಾಗಲಿ ಬೇಕಿಲ್ಲ. ಆ ಹತ್ತು ದಿನಗಳಲ್ಲಿ ದಿಗಂತದಲ್ಲಿ ಹೊಗೆಯೆದ್ದಿತೆ ಇಲ್ಲವೆ ಎಂಬುದನ್ನು ಗದ್ದೆಯ ಬದುವಿನ ಮೇಲೆ ನಿಂತ ಯಾವ ಒಕ್ಕಲಿಗನೂ ಕಣ್ಣಾರೆ ನೋಡಿ ಹೇಳಬಹುದಾಗಿತ್ತು. ಒಡಂಬಡಿಕೆಯು ಶಾಶ್ವತವೂ ಅಲ್ಲ. ಕೆಲವು ವರ್ಷಗಳಿಗೊಮ್ಮೆ ಎರಡು ಪಕ್ಷದವರೂ ಮತ್ತೆ ಕುಳಿತು, ಹಾನಿಯನ್ನು ಲೆಕ್ಕಹಾಕಿ, ಅದನ್ನು ನವೀಕರಿಸಬೇಕಾಗಿತ್ತು.

ಕುಲುಮೆಯ ಮೇಲೆ ಬಿದ್ದ ಈ ಮೇರೆಯೇ ಕಂಪೆನಿಯನ್ನು ಹೊಸ ವಿದ್ಯೆಯ ಕಡೆಗೆ ತಿರುಗಿಸಿತು. ಹೆಚ್ಚು ತಾಮ್ರ ಬೇಕಾದರೆ ಹೊಗೆ ಕಡಮೆಯಾಗಬೇಕು; ಹೊಗೆ ಕಡಮೆಯಾಗಬೇಕಾದರೆ ಅದರೊಳಗಿನ ಗಂಧಕವನ್ನು ಬೇರೆ ಯಾವುದಕ್ಕಾದರೂ ಉಪಯೋಗಿಸಬೇಕು. ೧೯೧೩ರಲ್ಲಿ ಸುಮಿತೊಮೊದವರು ನೀಹಾಮಾದಲ್ಲಿ ಗಂಧಕದಿಂದ ಆಮ್ಲವನ್ನೂ ಅದರಿಂದ ರಂಜಕದ ಗೊಬ್ಬರವನ್ನೂ ಮಾಡುವ ಕಾರ್ಖಾನೆಯನ್ನು ತೆರೆದರು. ಮುಂದೆ ಲೋಕಪ್ರಸಿದ್ಧವಾದ ಸುಮಿತೊಮೊ ರಸಾಯನ ಸಂಸ್ಥೆಯ ಮೂಲವು ಇದೇ. ಪೈರನ್ನು ಕೊಂದ ಗಂಧಕವು ಪೈರಿಗೆ ಗೊಬ್ಬರವಾಗಿ ಹಿಂದಿರುಗಿತು. ೧೯೩೯ರಲ್ಲಿ, ಉಳಿದ ಹೊಗೆಯನ್ನು ಅಮೋನಿಯದಿಂದ ಶಮನಗೊಳಿಸುವ ಕಟ್ಟಡವು ಮುಗಿದು, ನೀಹಾಮಾದ ಮೊದಲ ದೂರಿನಿಂದ ೪೬ ವರ್ಷಗಳ ಮೇಲೆ ಹೊಗೆಯ ಹಾನಿಯು ಕೊನೆಗೊಂಡಿತು.

೬

ಹಿತಾಚಿಯ ಗಣಿಯು ಮೂರರಲ್ಲಿ ಕಿರಿಯದು. ತೋಕಿಯೊದ ಈಶಾನ್ಯಕ್ಕೆ ಇಬಾರಾಕಿ ಪ್ರಾಂತದಲ್ಲಿದ್ದ ಒಂದು ಹಳೆಯ ಗಣಿಯನ್ನು ೧೯೦೫ರಲ್ಲಿ ಕುಹಾರಾ ಫುಸಾನೊಸುಕೆ ಎಂಬಾತನು ಕೊಂಡು ಅದಕ್ಕೆ ಹಿತಾಚಿಯೆಂದು ಹೆಸರಿಟ್ಟನು. ಆಶಿಯೊದಲ್ಲಿ ನಡೆದುದು ಆ ವೇಳೆಗೆ ದೇಶಕ್ಕೆಲ್ಲ ತಿಳಿದಿದ್ದಿತು. ಕುಹಾರಾನೂ ಕೊಸಾಕಾ ಎಂಬ ಇನ್ನೊಂದು ಗಣಿಯಲ್ಲಿ ಹೊಗೆಯ ತಂಟೆಯನ್ನು ಕಂಡುಬಂದವನು. ೧೯೦೮ರಲ್ಲಿ ದೊಡ್ಡ ಕುಲುಮೆಯು ಉರಿಯತೊಡಗಿತು. ಒಡನೆಯೇ ಸುತ್ತಣ ಹಳ್ಳಿಗಳಲ್ಲಿ ಪೈರುಗಳೂ ಹೊಗೆಸೊಪ್ಪೂ ಕಾಡೂ ಒಣಗತೊಡಗಿದುವು. ಹಳ್ಳಿಗಳಲ್ಲಿ ಹೊಗೆಯ ಹಾನಿಯ ಸಮಿತಿಗಳು ಏರ್ಪಟ್ಟುವು. ಇರಿಶಿಕೆನ್ ಎಂಬ ಹಳ್ಳಿಯ ಸೆಕಿ ಉಮನೊಜೊ ಎಂಬ ತರುಣನು ಈ ಸಮಿತಿಗಳ ನಾಯಕರಲ್ಲಿ ಪ್ರಸಿದ್ಧನಾದನು. ಹಾನಿಯನ್ನು ಅಳೆದು ಪರಿಹಾರವನ್ನು ಕೊಡುವುದು ಕಂಪೆನಿಯ ನಿತ್ಯದ ಕೆಲಸಗಳಲ್ಲಿ ಒಂದಾಯಿತು. ಹಾನಿಯುಂಟೋ ಇಲ್ಲವೋ ಎಂಬ ವಾದವನ್ನು ಅದು ಹೂಡಲಿಲ್ಲ. ಈ ಒಂದು ವಾದವನ್ನು ಬಿಟ್ಟುಕೊಟ್ಟುದರಿಂದಲೇ ಎರಡು ಪಕ್ಷದವರೂ ಒಂದೇ ಪ್ರಶ್ನೆಯನ್ನು ಕುರಿತು ಮಾತನಾಡುವುದು ಸಾಧ್ಯವಾಯಿತು.

ಹೊಗೆಯನ್ನು ತಗ್ಗಿಸುವ ಪ್ರಯತ್ನಗಳು ಮೊದಮೊದಲು ಕೈಗೂಡಲಿಲ್ಲ. ೧೯೧೧ರಲ್ಲಿ ಬೆಟ್ಟದ ಏಣನ್ನು ಹಿಡಿದು ಉದ್ದವಾದ ಹೊಗೆಯ ಕಾಲುವೆಯನ್ನು ಕಟ್ಟಿ, ಅಲ್ಲಲ್ಲಿ ಬಾಯಿಗಳನ್ನು ಬಿಟ್ಟರು. ಜನರು ಅದಕ್ಕೆ 'ಜರಿಹುಳುವಿನ ಹೊಗೆಗೂಡು' ಎಂದು ಹೆಸರಿಟ್ಟರು. ಹೊಗೆಯನ್ನು ಗಾಳಿಯೊಡನೆ ಬೆರೆಸಿ ತೆಳುಮಾಡಿ ಬಿಡಬೇಕೆಂದು ಸರಕಾರದ ತಜ್ಞರು ಹೇಳಿದುದರಿಂದ ೧೯೧೩ರಲ್ಲಿ ೩೬ ಮೀಟರಿನ ಗಿಡ್ಡನೆಯ ದಪ್ಪ ಗೂಡೊಂದನ್ನು ಕಟ್ಟಿದರು. ಅದು ಹಾನಿಯನ್ನು ಹೆಚ್ಚಿಸಿತು. ಜನರು ಅದನ್ನು 'ಪೆದ್ದನ ಹೊಗೆಗೂಡು' ಎಂದು ಕರೆದರು. ಆ ಮೇಲೆ ಕುಹಾರಾ ತಜ್ಞರ ಮಾತಿಗೆ ವಿರುದ್ಧವಾಗಿ, ಬೆಟ್ಟದ ಮೇಲೆ ೧೫೫.೭ ಮೀಟರು ಎತ್ತರದ ಹೊಗೆಗೂಡನ್ನು ಕಟ್ಟಿಸಿದನು. ೧೯೧೪ರ ಕೊನೆಯಲ್ಲಿ ಮುಗಿದು ೧೯೧೫ನೆಯ ಮಾರ್ಚಿಯಲ್ಲಿ ಕೆಲಸಕ್ಕೆ ಬಂದ ಇದು ಆಗ ಲೋಕದಲ್ಲಿಯೇ ಅತ್ಯಂತ ಎತ್ತರವಾದುದಾಗಿತ್ತು. ಇದರ ಮೇಲೆ ಹಾನಿಯು ಬಹಳ ಮಟ್ಟಿಗೆ ತಗ್ಗಿತು.

ಹಿತಾಚಿಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಈ ಹೊಗೆಗೂಡನ್ನೇ ಕೊಂಡಾಡುತ್ತಾರೆ. ಎತ್ತರದ ಗೂಡು ಹೊಗೆಯನ್ನು ಇಲ್ಲವಾಗಿಸುವುದಿಲ್ಲ. ದೂರಕ್ಕೆ ಒಯ್ದು ಚೆಲ್ಲುತ್ತದೆಯಷ್ಟೆ. ಅದಕ್ಕಿಂತ ಮುಖ್ಯವಾದುದು ಅದರ ಜೊತೆಗಿದ್ದ ವ್ಯವಸ್ಥೆ. ಕಂಪೆನಿಯು ಕಾಮಿನೆ ಮೊದಲಾದ ಬೆಟ್ಟಗಳಲ್ಲಿ ಹವೆಯನ್ನು ನೋಡುವ ಠಾಣೆಗಳನ್ನಿಟ್ಟು, ಗಾಳಿಯು ಹೊಲಗಳ ಕಡೆಗೆ ತಿರುಗಿದಾಗ ಕುಲುಮೆಯ ಕೆಲಸವನ್ನು ತಗ್ಗಿಸುವ ಪದ್ಧತಿಯನ್ನು ಇಟ್ಟುಕೊಂಡಿತು. ಬೆಸ್ಶಿಯಲ್ಲಿ ವರ್ಷಕ್ಕೆ ೪೦ ದಿನಗಳೆಂದು ಕರಾರಿನಲ್ಲಿ ಬರೆದಿದ್ದುದು ಇಲ್ಲಿ ದಿನದಿನದ ಲೆಕ್ಕವಾಯಿತು. ಹೊಗೆಯನ್ನು ತಾಳಬಲ್ಲ ಮರ ಯಾವುದೆಂದು ಪರೀಕ್ಷಿಸಿ, ಒಶಿಮಾ ಎಂಬ ಜಾತಿಯ ಚೆರಿ ಮರವನ್ನು ಆರಿಸಿ, ಬೋಳಾದ ಬೆಟ್ಟಗಳಲ್ಲಿ ಲಕ್ಷಗಟ್ಟಲೆ ನೆಟ್ಟು, ಹಳ್ಳಿಗಳಿಗೂ ಸಸಿಗಳನ್ನು ಕೊಟ್ಟರು. ಈ ಪಟ್ಟಣದ ವಸಂತದ ಹೂವಿನ ಕೀರ್ತಿಗೆ ಮೂಲವು ಗಂಧಕದ ಹೊಗೆ.

ಹವೆಯ ಠಾಣೆಯ ಕೆಲಸವು ೧೯೫೨ರಲ್ಲಿ ಹಿತಾಚಿಯ ನಗರಸಭೆಯ ಕೈಗೆ ಬಂದಿತು. ಗಣಿಯು ೧೯೮೧ರಲ್ಲಿ ಮುಚ್ಚಿತು. ೧೯೯೩ನೆಯ ಫೆಬ್ರವರಿ ೧೯ರಂದು ದೊಡ್ಡ ಹೊಗೆಗೂಡು ಮುರಿದುಬಿದ್ದು ಅದರ ಕೆಳಗಣ ಮೂರನೆಯ ಒಂದು ಪಾಲು ಮಾತ್ರ ನಿಂತಿತು. ೧೯೬೯ರಲ್ಲಿ ಈ ಹೊಗೆಗೂಡನ್ನು ವಸ್ತುವಾಗಿಟ್ಟುಕೊಂಡು ನಿತ್ತಾ ಜಿರೊ ಎಂಬ ಕಾದಂಬರಿಕಾರನು ಒಂದು ಕಾದಂಬರಿಯನ್ನು ಬರೆದಿದ್ದಾನೆ. ಒಂದು ಕಂಪೆನಿಯ ಹೊಗೆಗೂಡು ಊರಿನವರ ಪ್ರೀತಿಯ ಗುರುತಾಗಿ ಸಾಹಿತ್ಯದಲ್ಲಿ ನಿಲ್ಲುವುದು ಅಪರೂಪ.

೭

ಈ ಮೂರು ವೃತ್ತಾಂತಗಳನ್ನು ಹೋಲಿಸಿದಾಗ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ವೆಚ್ಚಮಾಡಿದ ಮಾತ್ರಕ್ಕೆ ಒಪ್ಪಿಗೆ ದೊರೆಯುವುದಿಲ್ಲ. ಆಶಿಯೊದ ಫುರುಕಾವಾ ೧೮೯೭ರಲ್ಲಿ ಮಾಡಿದ ವೆಚ್ಚವು ಸಣ್ಣದಲ್ಲ. ಬೆಸ್ಶಿಯ ಇಬಾ ದ್ವೀಪಕ್ಕಾಗಿ ಮಾಡಿದ ವೆಚ್ಚವೂ ಸಣ್ಣದಲ್ಲ. ಎರಡೂ ಆಗ ಊರಿನವರ ಮನಸ್ಸನ್ನು ಗೆಲ್ಲಲಿಲ್ಲ. ಏಕೆಂದರೆ ಎರಡರಲ್ಲಿಯೂ ಊರಿನವರ ಕೈಗೆ ಏನೂ ಬರಲಿಲ್ಲ. ಏನನ್ನು ಕಟ್ಟಬೇಕು, ಎಲ್ಲಿ ಕಟ್ಟಬೇಕು, ಕಟ್ಟಿದುದು ಫಲಿಸಿತೆ ಎಂಬ ಮೂರನ್ನೂ ಕಂಪೆನಿಯೂ ಸರಕಾರವೂ ತಮ್ಮತಮ್ಮಲ್ಲಿಯೇ ತೀರ್ಮಾನಿಸಿದುವು.

ಎರಡನೆಯದಾಗಿ, ಒಪ್ಪಿಗೆಗೆ ಅಳತೆ ಬೇಕು. ಆ ಅಳತೆಯು ಒಪ್ಪುವವನ ಕಣ್ಣಿಗೆ ಕಾಣುವಂತಹದಾಗಿರಬೇಕು. ಶಿಸಾಕಾದಲ್ಲಿ ಹೊಗೆಯಿಲ್ಲದ ಹತ್ತು ದಿನಗಳು, ಹಿತಾಚಿಯಲ್ಲಿ ಗಾಳಿ ತಿರುಗಿದಾಗ ತಗ್ಗಿದ ಹೊಗೆ, ಇವು ಓದುಬರಹ ಬಾರದವನಿಗೂ ತಿಳಿಯುತ್ತಿದ್ದುವು. ಆಶಿಯೊದ ತೊಟ್ಟಿಗಳ ಒಳಗನ್ನು ರೈತನು ನೋಡಲಾರನು. ನೋಡಿದವನು ಕಂಪೆನಿಯ ಮನುಷ್ಯನಾದನು.

ಮೂರನೆಯದಾಗಿ, ಇವೆರಡಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಹಿಂದೆಗೆಯಲು ಬಾರದ ಒಪ್ಪಿಗೆಯು ಒಪ್ಪಿಗೆಯೇ ಅಲ್ಲವೆಂಬುದು. ಶಾಶ್ವತ ರಾಜಿಯನ್ನು ಬರೆಯಿಸಿಕೊಂಡ ಕಂಪೆನಿಗೆ ತನ್ನ ನಡತೆಯನ್ನು ತಿದ್ದಿಕೊಳ್ಳಲು ಕಾರಣವೇ ಉಳಿಯಲಿಲ್ಲ. ಕೆಲವು ವರ್ಷಗಳಿಗೊಮ್ಮೆ ಮತ್ತೆ ಕೇಳಬೇಕಾಗಿದ್ದ ಕಂಪೆನಿಯು ಪ್ರತಿಸಲವೂ ಏನಾದರೊಂದು ಸುಧಾರಣೆಯನ್ನು ತೋರಿಸಲೇಬೇಕಾಯಿತು. ಬೆಸ್ಶಿಯ ಗೊಬ್ಬರದ ಕಾರ್ಖಾನೆಯು ಒಡೆಯನ ಕರುಣೆಯಿಂದ ಹುಟ್ಟಿದುದೆನ್ನುವುದಕ್ಕಿಂತ, ನವೀಕರಿಸಬೇಕಾಗಿದ್ದ ಒಡಂಬಡಿಕೆಯ ಒತ್ತಡದಿಂದ ಹುಟ್ಟಿದುದೆನ್ನುವುದು ಹೆಚ್ಚು ಸರಿ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಹೊಗೆಯ ಹಾನಿಯು ಆ ವರ್ಷದ ಬೆಳೆಯನ್ನು ಕೊಲ್ಲುತ್ತದೆ, ಗಣಿವಿಷವು ಮಣ್ಣನ್ನೇ ಕೊಲ್ಲುತ್ತದೆ. ಆದುದರಿಂದ ಆಶಿಯೊದ ಸಮಸ್ಯೆಯು ಮೊದಲಿನಿಂದಲೂ ಕಠಿನವಾಗಿದ್ದಿತೆಂದು ಹೇಳಬಹುದು. ಅದು ನಿಜ. ಆಶಿಯೊದ ದುಃಖವನ್ನು ಕಂಡು ಉಳಿದವರು ಎಚ್ಚತ್ತರೆಂಬುದೂ ನಿಜ. ಹಿತಾಚಿಯ ರೈತರಿಗೆ ದೊರೆತ ನ್ಯಾಯಕ್ಕೆ ವತರಾಸೆಯ ರೈತರು ಬೆಲೆ ತೆತ್ತಿದ್ದರು. ಆದರೆ ಸಮಸ್ಯೆಯು ಕಠಿನವಾದಷ್ಟೂ ದೂರುವ ಬಾಯಿ ತೆರೆದಿರುವುದು ಹೆಚ್ಚು ಅವಶ್ಯಕವೆಂದೇ ಇದರಿಂದ ಸಿದ್ಧವಾಗುತ್ತದೆಯಲ್ಲದೆ, ಅದನ್ನು ಹಣ ಕೊಟ್ಟು ಮುಚ್ಚಿಸಬಹುದೆಂದು ಸಿದ್ಧವಾಗುವುದಿಲ್ಲ.

೮

ಆಶಿಯೊದ ಕಥೆಯು ೧೯೦೭ರಲ್ಲಿ ಮುಗಿಯಲಿಲ್ಲ. ೧೯೫೬ರಲ್ಲಿ ಹೊಸ ಬಗೆಯ ಕುಲುಮೆಯು ಬಂದು, ಗಂಧಕವನ್ನು ಆಮ್ಲವಾಗಿ ಹಿಡಿಯತೊಡಗಿದ ಮೇಲೆ ಹೊಗೆಯು ನಿಂತಿತು. ೧೯೫೮ರಲ್ಲಿ ಗಣಿಯ ಕಸದ ಕಟ್ಟೆಯೊಂದು ಒಡೆದು ಹೊಲಗಳಿಗೆ ಮತ್ತೆ ವಿಷ ಬಂದಿತು. ೧೯೭೧ರಲ್ಲಿ ಆ ಬಯಲಿನ ಅಕ್ಕಿಯಲ್ಲಿ ಕ್ಯಾಡ್ಮಿಯಂ ಎಂಬ ಲೋಹವಿರುವುದು ಗೊತ್ತಾಯಿತು. ೧೯೭೩ರಲ್ಲಿ ಗಣಿಯು ಮುಚ್ಚಿತು. ಮರುವರ್ಷ, ೧೯೭೪ನೆಯ ಮೇ ತಿಂಗಳಿನಲ್ಲಿ, ಸರಕಾರದ ಮಧ್ಯಸ್ಥ ಮಂಡಳಿಯ ಮುಂದೆ ಫುರುಕಾವಾ ಕಂಪೆನಿಯು ೯೭೧ ರೈತರಿಗೆ ೧೫೫ ಕೋಟಿ ಯೆನ್ನನ್ನು ಕೊಡಲು ಒಪ್ಪಿ, ಹಾನಿಗೆ ತಾನೇ ಹೊಣೆಯೆಂದು ಅಂಗೀಕರಿಸಿತು. ೧೮೯೦ರ ನೆರೆ ಬಂದು ಆಗ ೮೪ ವರ್ಷಗಳಾಗಿದ್ದುವು.

೧೮೯೫ರಲ್ಲಿ 'ಎಂದೆಂದಿಗೂ ದೂರಲಾರೆವು' ಎಂದು ಬರೆದುಕೊಟ್ಟವರ ಮಕ್ಕಳೂ ಮೊಮ್ಮಕ್ಕಳೂ ಇವರು. ಅಜ್ಜನ ಮುದ್ರೆಯು ಮೊಮ್ಮಗನ ಬಾಯನ್ನು ಕಟ್ಟಲಿಲ್ಲ. ವಿಷವಿದ್ದ ಗದ್ದೆಯು ಪ್ರತಿವರ್ಷವೂ ಆ ಕರಾರನ್ನು ಅಲ್ಲಗಳೆಯುತ್ತಲೇ ಇದ್ದಿತು. ಯನಾಕಾ ಇದ್ದ ಜಾಗದಲ್ಲಿ ಜೊಂಡು ಬೆಳೆದ ವಿಸ್ತಾರವಾದ ಜೌಗು ನೆಲವಿದೆ. ಊರಿನ ಗೋರಿಕಲ್ಲುಗಳು ಅಲ್ಲಿ ಉಳಿದಿವೆ. ಆಶಿಯೊದ ಬೋಳು ಬೆಟ್ಟಗಳಲ್ಲಿ ಸರಕಾರದವರೂ ಸಾಮಾನ್ಯ ಜನರೂ ಮಣ್ಣು ಹೊತ್ತು ಸಸಿ ನೆಡುವ ಕಾರ್ಯವು ಗಣಿಯು ಮುಚ್ಚಿದ ಮೇಲೆಯೂ ನಡೆದುಬಂದಿದೆ.